ಮದುವೆಯ ವಿಡಿಯೊಗೂ ಹೊಯ್ಸಳ ಗುಡಿಗಳ ಸ್ಥಿರಚಿತ್ರಕ್ಕೂ ಒಂದೇ ಫುಲ್‌ಫ್ರೇಮ್ ಮಿರರ್‌ಲೆಸ್ ಕ್ಯಾಮೆರಾ: ಯಾವುದನ್ನು ಕೊಳ್ಳಲಿ?

ಹೇಮಾವತಿ ದಂಡೆ ಎಂಬ ಅಡ್ಡಹೆಸರಿನ ಸದಸ್ಯರು (ಹಾಸನ) ಕೇಳಿದ ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ಹಾಸನದಲ್ಲಿ ಹನ್ನೊಂದು ವರ್ಷಗಳಿಂದ ಮದುವೆ, ನಾಮಕರಣ, ಗೃಹಪ್ರವೇಶಗಳ ಫೋಟೊ ತೆಗೆಯುವ ಕೆಲಸ ಮಾಡಿಕೊಂಡು ಬಂದಿದ್ದೇನೆ. 2015ರಲ್ಲಿ ಕೊಂಡ ನಿಕಾನ್ ಡಿ750 ಇಂದಿಗೂ ಒಳ್ಳೆಯ ಸ್ಥಿತಿಯಲ್ಲಿದೆ. ಅದರ ಜೊತೆಗೆ 24-120 ಎಫ್/4 ಜಿ ಲೆನ್ಸ್, 50 ಎಫ್/1.8 ಡಿ ಮತ್ತು 85 ಎಫ್/1.8 ಡಿ ಲೆನ್ಸ್‌ಗಳು ನನ್ನ ಬಳಿ ಇವೆ.

ಹಿಂದೆ ವಿಡಿಯೊ ಕೆಲಸವನ್ನು ಬೇರೆಯವರು ಮಾಡುತ್ತಿದ್ದರು. ಈಗ ಮದುವೆ ಮನೆಯವರು ಎರಡನ್ನೂ ಒಬ್ಬರೇ ಒಪ್ಪಿಕೊಳ್ಳಬೇಕೆಂದೂ, ಧಾರೆ ಮುಗಿದ ಸಂಜೆಯೇ ಮೊಬೈಲಿಗೆ ನಿಂತ ಆಕಾರದ ರೀಲ್ ಬರಬೇಕೆಂದೂ ಕೇಳುತ್ತಾರೆ. ಡಿ750ರ ವಿಡಿಯೊ 1080 ಪಿಕ್ಸೆಲ್ ಎತ್ತರಕ್ಕೆ ನಿಲ್ಲುತ್ತದೆ. ಹಿಂದಿನ ಪರದೆಯಲ್ಲಿ ನೋಡುತ್ತ ತೆಗೆಯುವ ಲೈವ್ ವ್ಯೂಗೆ ಹಾಕಿದರೆ ಫೋಕಸ್ ಹಿಂದೆ ಮುಂದೆ ತಡಕಾಡುತ್ತಿರುತ್ತದೆ. ಕಳೆದ ಮಾಘ ಮಾಸದಲ್ಲಿ ಒಂದು ಕಲ್ಯಾಣ ಮಂಟಪದಲ್ಲಿ ತೆಗೆದ ಆರತಕ್ಷತೆಯ ವಿಡಿಯೊದಲ್ಲಿ ಆರಂಭದಿಂದ ಕೊನೆಯವರೆಗೂ ಕಪ್ಪು ಪಟ್ಟಿಗಳು ಮೇಲಿನಿಂದ ಕೆಳಕ್ಕೆ ತೆವಳಿದವು. ಹುಡುಗಿಯ ತಂದೆ ಬೈಯಲಿಲ್ಲ, ಬದಲಿಗೆ "ಇದೇನು, ಪರದೆ ಹಿಂದಿನಿಂದ ತೆಗೆದಿರಾ?" ಎಂದು ಮೃದುವಾಗಿ ಕೇಳಿದರು, ಬೈದಿದ್ದರೇ ಚೆನ್ನಾಗಿತ್ತು. ಕ್ಯಾಮೆರಾ ಹಳತಾದದ್ದೇ ಇದಕ್ಕೆ ಕಾರಣವೆಂದು ನಾನು ತಿಳಿದುಕೊಂಡಿದ್ದೇನೆ.

ನನ್ನ ಇನ್ನೊಂದು ಕೆಲಸ ಹಣ ತರುವುದಲ್ಲ. ಮದುವೆಗಳಿಲ್ಲದ ದಿನಗಳಲ್ಲಿ ದೊಡ್ಡಗದ್ದವಳ್ಳಿ, ಮೊಸಳೆ, ಕೋರವಂಗಲ, ಬೇಲೂರು ಎಂದು ಗುಡಿಗಳನ್ನು ಸುತ್ತಿ ಶಿಲ್ಪಗಳ ಚಿತ್ರ ತೆಗೆಯುತ್ತೇನೆ. ನವರಂಗದ (ಗುಡಿಯೊಳಗಿನ ಕಂಬಗಳ ಮಂಟಪದ) ಒಳಗೆ ಬೆಳಕು ಬಹಳ ಕಡಿಮೆ. ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಕಡೆ ಅನುಮತಿಯಿಲ್ಲದೆ ಟ್ರೈಪಾಡ್ ಇಡುವಂತಿಲ್ಲ. ಆದುದರಿಂದ ಕೈಯಲ್ಲೇ ಹಿಡಿದು, ಉಸಿರು ಬಿಗಿಹಿಡಿದು ತೆಗೆಯಬೇಕಾಗುತ್ತದೆ.

ಈ ಎರಡು ಕೆಲಸಕ್ಕೂ ಒಂದೇ ಫುಲ್‌ಫ್ರೇಮ್ ಮಿರರ್‌ಲೆಸ್, ಅಂದರೆ ಒಳಗೆ ಕನ್ನಡಿಯಿಲ್ಲದ, ಚಿತ್ರ ಹಿಡಿಯುವ ಸೆನ್ಸರ್ 35 ಎಂಎಂ ಫಿಲ್ಮಿನಷ್ಟು ದೊಡ್ಡದಿರುವ ಕ್ಯಾಮೆರಾ ಕೊಳ್ಳಬೇಕೆಂದಿದ್ದೇನೆ. ಲೆನ್ಸ್, ಕಾರ್ಡ್ ಎಲ್ಲ ಸೇರಿ ಮೂರು ಲಕ್ಷ ರೂಪಾಯಿ ಹೊಂದಿಸಬಲ್ಲೆ. ಬೆಂಗಳೂರಿನಲ್ಲಿ ಮೂರು ಅಂಗಡಿಗಳಲ್ಲಿ ವಿಚಾರಿಸಿದಾಗ ಮೂರು ಬೇರೆ ಬೇರೆ ಉತ್ತರಗಳು ಬಂದವು. ಪ್ರತಿಯೊಬ್ಬರೂ "4ಕೆ 60" (3840 ಗುಣಿಸು 2160 ಪಿಕ್ಸೆಲಿನ, ಸೆಕೆಂಡಿಗೆ 60 ಫ್ರೇಮಿನ ವಿಡಿಯೊ) ಎಂಬ ಮಾತನ್ನು ಮಂತ್ರದಂತೆ ಹೇಳಿದರು. ಅದು ನನಗೆ ನಿಜವಾಗಿ ಬೇಕೇ, ಹಳೆಯ ಲೆನ್ಸ್‌ಗಳನ್ನು ಇಟ್ಟುಕೊಳ್ಳಬೇಕೇ ಅಥವಾ ಮಾರಬೇಕೇ ಎಂಬುದನ್ನು ಬಳಸಿ ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.

ಕಲ್ಲತ್ತಿಗಿರಿ ಹಾದಿ (ಚಿಕ್ಕಮಗಳೂರು):

ನಮಸ್ಕಾರ ಸರ್. ನಾನು ಮೂರು ವರ್ಷಗಳಿಂದ ಸೋನಿ ಎ7 4 (ಎ7ರ ನಾಲ್ಕನೆಯ ಆವೃತ್ತಿ) ಬಳಸುತ್ತಿದ್ದೇನೆ. ನನ್ನ ಸಲಹೆ ಅದರ ಕಡೆಗೇ ವಾಲುತ್ತದೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ಕ್ಯಾಮೆರಾ ಬಾಡಿಗಿಂತ ಮೊದಲು ಲೆನ್ಸ್ ಮೌಂಟನ್ನು, ಅಂದರೆ ಲೆನ್ಸ್ ಬಂದು ಕೂರುವ ಜೋಡಣೆಯನ್ನು ನೋಡಿ. ಬಾಡಿ ಐದಾರು ವರ್ಷಕ್ಕೆ ಬದಲಾಗುತ್ತದೆ, ಲೆನ್ಸ್ ಉಳಿಯುತ್ತದೆ. ಸೋನಿ ಕಂಪನಿಯ ಫುಲ್‌ಫ್ರೇಮ್ ಮಿರರ್‌ಲೆಸ್ 2013ರಲ್ಲೇ ಬಂದಿತು. ಕ್ಯಾನನ್ ಆರ್‌ಎಫ್ ಮತ್ತು ನಿಕಾನ್ ಝಡ್ ಮೌಂಟ್‌ಗಳು ಬಂದದ್ದು 2018ರಲ್ಲಿ. ಈ ಐದು ವರ್ಷಗಳ ಮುನ್ನಡೆಯಿಂದಾಗಿ ಟ್ಯಾಮ್ರಾನ್, ಸಿಗ್ಮಾ ಕಂಪನಿಗಳ ಲೆನ್ಸ್‌ಗಳು ಸೋನಿಯ ಇ-ಮೌಂಟಿಗೆ ಸಿಗುವಷ್ಟು ಬೇರಾವುದಕ್ಕೂ ಸಿಗುವುದಿಲ್ಲ. ಸೆಕೆಂಡ್ ಹ್ಯಾಂಡ್‌ನಲ್ಲಿಯೂ ಧಾರಾಳವಾಗಿ ಸಿಗುತ್ತವೆ. ನಮ್ಮ ಕಡೆಯ ಮದುವೆ ಛಾಯಾಗ್ರಾಹಕರಲ್ಲಿ ನನಗೆ ಪರಿಚಯವಿರುವ ಹೆಚ್ಚಿನವರ ಕೈಯಲ್ಲಿ ಸೋನಿಯೇ ಇದೆ. ಹಾಗಾಗಿ ಮುಹೂರ್ತದ ಹಿಂದಿನ ರಾತ್ರಿ ಲೆನ್ಸ್ ಕೈಕೊಟ್ಟರೆ ಎರವಲು ತರುವುದಕ್ಕೆ ಒಂದು ಮನೆಯಾದರೂ ಇರುತ್ತದೆ. ಇದು ಯಾವ ಜಾಹೀರಾತಿನಲ್ಲಿಯೂ ಬರದ ಅನುಕೂಲ, ಆದರೆ ನನ್ನನ್ನು ಎರಡು ಬಾರಿ ಕಾಪಾಡಿದೆ.

ಎ7 4ರಲ್ಲಿ 33 ಮೆಗಾಪಿಕ್ಸೆಲ್ ಇರುವುದರಿಂದ ಶಿಲ್ಪದ ಒಂದು ಭಾಗವನ್ನು ಕತ್ತರಿಸಿ ದೊಡ್ಡದು ಮಾಡುವ ನಿಮ್ಮ ಕೆಲಸಕ್ಕೆ ಅವಕಾಶ ಹೆಚ್ಚು. ವಿಡಿಯೊದಲ್ಲಿ ಬಣ್ಣದ ಮೆಟ್ಟಿಲುಗಳು ಹೆಚ್ಚಿರುವ 10-ಬಿಟ್ ಸಿಗುತ್ತದೆ.

ಕೊರತೆಗಳನ್ನೂ ಹೇಳಬೇಕು. ಇದರಲ್ಲಿ 4ಕೆ 60 ಹಾಕಿದಾಗ ಸೆನ್ಸರಿನ ನಡುವಿನ ಭಾಗ ಮಾತ್ರ ಬಳಕೆಯಾಗಿ, 24 ಎಂಎಂ ಲೆನ್ಸ್ 36 ಎಂಎಂ ಲೆನ್ಸಿನಂತೆ ಕಾಣುತ್ತದೆ. ಛತ್ರದಲ್ಲಿ ಎರಡು ಹೆಜ್ಜೆ ಹಿಂದೆ ಸರಿಯಬಹುದು, ಆದರೆ ಹಳ್ಳಿಮನೆಯ ನಡುಮನೆಯಲ್ಲಿ ಶಾಸ್ತ್ರ ನಡೆಯುವಾಗ ಬೆನ್ನಿಗೆ ಗೋಡೆಯೇ ಸಿಗುತ್ತದೆ. ಇನ್ನೊಂದು, ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಸೆನ್ಸರನ್ನು ಸಾಲು ಸಾಲಾಗಿ ಓದುವ ವೇಗ ಇದರಲ್ಲಿ ಕಡಿಮೆ. ಕ್ಯಾಮೆರಾವನ್ನು ಬೇಗನೆ ತಿರುಗಿಸಿದರೆ ಮಂಟಪದ ಕಂಬಗಳು ಓರೆಯಾಗಿ ನಿಲ್ಲುತ್ತವೆ. ಮದುವೆಯಲ್ಲಿ ನಾನು ಮೆಕ್ಯಾನಿಕಲ್ ಶಟರನ್ನೇ ಬಳಸುತ್ತೇನೆ. ಓಲಗದ ನಡುವೆ ಅದರ ಸದ್ದು ಯಾರಿಗೂ ಕೇಳಿಸುವುದಿಲ್ಲ.

ಹಳೇ ಎಫ್ ಮೌಂಟ್ (ಅರಸೀಕೆರೆ):

ಸರ್, ಮೊದಲು ಆ ಕಪ್ಪು ಪಟ್ಟಿಗಳ ವಿಷಯವನ್ನು ಮುಗಿಸೋಣ, ಏಕೆಂದರೆ ಅದನ್ನು ಸರಿಯಾಗಿ ತಿಳಿಯದೆ ಹೊಸ ಕ್ಯಾಮೆರಾ ಕೊಂಡರೆ ಹೊಸ ಕ್ಯಾಮೆರಾದಲ್ಲಿಯೂ ಅದೇ ಪಟ್ಟಿಗಳು ಬರುತ್ತವೆ.

ನಮ್ಮ ದೇಶದ ವಿದ್ಯುತ್ ಸೆಕೆಂಡಿಗೆ 50 ಆವರ್ತನದ್ದು. ಅದರಿಂದ ಉರಿಯುವ ಟ್ಯೂಬ್‌ಲೈಟ್ ಮತ್ತು ಅಗ್ಗದ ಎಲ್‌ಇಡಿ ದೀಪಗಳು ಸೆಕೆಂಡಿಗೆ 100 ಬಾರಿ ಏರಿಳಿಯುತ್ತವೆ. ಕಣ್ಣಿಗೆ ಅದು ತಿಳಿಯುವುದಿಲ್ಲ, ಸೆನ್ಸರಿಗೆ ತಿಳಿಯುತ್ತದೆ. ಶಟರ್ 1/100 ಸೆಕೆಂಡು ಇದ್ದರೆ ಸೆನ್ಸರಿನ ಪ್ರತಿ ಸಾಲಿಗೂ ಸರಿಯಾಗಿ ಒಂದು ಏರಿಳಿತದ ಬೆಳಕು ಸಿಗುತ್ತದೆ, 1/50 ಇದ್ದರೆ ಎರಡು ಏರಿಳಿತದ ಬೆಳಕು. 1/60 ಇಟ್ಟಾಗ ಒಂದೂ ಮುಕ್ಕಾಲಿಗೆ ತುಸು ಕಡಿಮೆ ಸಿಗುವುದರಿಂದ ಕೆಲವು ಸಾಲುಗಳು ಕಪ್ಪಾಗಿಯೂ ಕೆಲವು ಬೆಳ್ಳಗೂ ಉಳಿದು, ಅವೇ ನೀವು ಕಂಡ ಪಟ್ಟಿಗಳಾಗುತ್ತವೆ. ನೀವು ಬಹುಶಃ 30 ಅಥವಾ 60 ಫ್ರೇಮಿನಲ್ಲಿ, ಅದಕ್ಕೆ ತಕ್ಕ 1/60 ಅಥವಾ 1/125 ಶಟರಿನಲ್ಲಿ ತೆಗೆದಿದ್ದೀರಿ. ಇಂದು ರಾತ್ರಿ ಮನೆಯ ಟ್ಯೂಬ್‌ಲೈಟಿನ ಕೆಳಗೆ 25 ಫ್ರೇಮ್, 1/50 ಎಂದು ಇಟ್ಟು ಅದೇ ಡಿ750ರಲ್ಲಿ ನೋಡಿ. ಇದಕ್ಕೆ ಖರ್ಚೇನೂ ಇಲ್ಲ.

ವೇದಿಕೆಯ ಹಿಂದಿನ ಎಲ್‌ಇಡಿ ಗೋಡೆ ಮತ್ತು ಕೆಲವು ಸೀರಿಯಲ್ ಸೆಟ್‌ಗಳು ಮಾತ್ರ ಈ ಲೆಕ್ಕಕ್ಕೆ ಸಿಗುವುದಿಲ್ಲ, ಅವು ತಮ್ಮದೇ ವೇಗದಲ್ಲಿ ಮಿಣುಕುತ್ತವೆ. ಅಂತಹ ಕಡೆ ಶಟರನ್ನು ಬಹಳ ಸೂಕ್ಷ್ಮವಾಗಿ ಹೊಂದಿಸುವ ಸೌಲಭ್ಯ ಬೇಕು. ಅದು ಮೇಲೆ ಹೇಳಿದ ಸೋನಿಯಲ್ಲಿಯೂ ಇದೆ, ನಿಕಾನ್ ಝಡ್6 3ರಲ್ಲಿಯೂ ಇದೆ.

ಇನ್ನು ಲೆನ್ಸ್‌ಗಳ ಮಾತು. ಎಲ್ಲವನ್ನೂ ಮಾರಿ ಸೋನಿಗೆ ಹೋಗಿ ಎನ್ನುವುದು ನನಗೆ ಒಪ್ಪಿಗೆಯಾಗುವುದಿಲ್ಲ. ನಿಮ್ಮ 24-120ರ ಒಳಗೆ ಫೋಕಸಿನ ಮೋಟಾರು ಇರುವುದರಿಂದ ಹಳೆಯ ನಿಕಾನ್ ಲೆನ್ಸ್ ಕೂರಿಸುವ ಎಫ್‌ಟಿಝಡ್ ಅಡಾಪ್ಟರಿನ ಮೂಲಕ ಯಾವುದೇ ಝಡ್ ಬಾಡಿಯಲ್ಲಿ ಅದು ಆಟೊಫೋಕಸ್ ಸಹಿತ ಕೆಲಸ ಮಾಡುತ್ತದೆ. ನಿಮ್ಮ 50, 85 ಡಿ ಲೆನ್ಸ್‌ಗಳದು ಬೇರೆಯ ಕಥೆ. ಅವನ್ನು ತಿರುಗಿಸುವ ಮೋಟಾರು ಡಿ750ರ ಬಾಡಿಯಲ್ಲಿದೆ, ಅಡಾಪ್ಟರಿನಲ್ಲಿ ಇಲ್ಲ. ಅಂಗಡಿಯವರು "ಎಲ್ಲಾ ಹಳೆಯ ಲೆನ್ಸ್ ನಡೆಯುತ್ತದೆ" ಎಂದು ಅರ್ಧ ಸತ್ಯ ಹೇಳುವುದು ಇಲ್ಲಿಯೇ. ಅವು ಕೂರುತ್ತವೆ, ಬೆಳಕಿನ ಅಳತೆಯೂ ಬರುತ್ತದೆ, ಆದರೆ ಫೋಕಸನ್ನು ಕೈಯಿಂದಲೇ ತಿರುಗಿಸಬೇಕು. ಮಾಂಗಲ್ಯಧಾರಣೆಗೆ ಅದು ಆಗದು. ಮೊಸಳೆಯ ಗುಡಿಗೆ ಧಾರಾಳವಾಗಿ ಆಗುತ್ತದೆ. ಎಂಟುನೂರು ವರ್ಷಗಳಿಂದ ಕದಲದೆ ನಿಂತ ಕಲ್ಲು ನಿಮಗಾಗಿ ಇನ್ನೆರಡು ಸೆಕೆಂಡು ನಿಲ್ಲುತ್ತದೆ. ಎಲೆಕ್ಟ್ರಾನಿಕ್ ವ್ಯೂಫೈಂಡರಿನಲ್ಲಿ ಚಿತ್ರವನ್ನು ಹಿಗ್ಗಿಸಿಕೊಂಡು ಮದನಿಕೆಯ ಕಣ್ಣಿನ ಅಂಚಿಗೆ ಫೋಕಸ್ ಮಾಡುವ ನಿಖರತೆ ನಿಮಗೆ ಡಿ750ರ ಕನ್ನಡಿಯಲ್ಲಿ ಎಂದೂ ಸಿಕ್ಕಿರಲಾರದು. ಮೇಲಾಗಿ ಕೈ ನಡುಗಿದ್ದನ್ನು ಸೆನ್ಸರನ್ನೇ ಕದಲಿಸಿ ಸರಿಪಡಿಸುವ ವ್ಯವಸ್ಥೆ ಬಾಡಿಯಲ್ಲೇ ಇರುವುದರಿಂದ ಆ ಹಳೆಯ 50ಕ್ಕೂ ಅದರ ಲಾಭ ದೊರೆಯುತ್ತದೆ. ನವರಂಗದ ಕತ್ತಲಿಗೆ ಬೇಕಾದದ್ದು ಅದೇ.

ಆದುದರಿಂದ 2025ರಲ್ಲಿ ಬಂದ ನಿಕಾನ್ ಝಡ್5 2ನ್ನು ಗಂಭೀರವಾಗಿ ಪರಿಶೀಲಿಸಿ. 24.5 ಮೆಗಾಪಿಕ್ಸೆಲ್, ಎರಡು ಎಸ್‌ಡಿ ಕಾರ್ಡ್ ಜಾಗ, 10-ಬಿಟ್ ವಿಡಿಯೊ, 30 ಫ್ರೇಮಿನವರೆಗೆ ಸೆನ್ಸರಿನ ಪೂರ್ತಿ ಅಗಲದ 4ಕೆ ಇವೆ. 60 ಫ್ರೇಮಿನಲ್ಲಿ ಇಲ್ಲಿಯೂ ಚಿತ್ರದ ಅಂಚು ಕತ್ತರಿಯಾಗುತ್ತದೆ. 60 ಫ್ರೇಮೂ ಪೂರ್ತಿ ಅಗಲದಲ್ಲೇ ಬೇಕೆಂದರೆ ಝಡ್6 3 ಅಥವಾ ಕ್ಯಾನನ್ ಆರ್6 2 ಕಡೆಗೆ ಹೋಗಬೇಕು. ಆಗ ನಿಮ್ಮ ಮೂರು ಲಕ್ಷದಲ್ಲಿ ಲೆನ್ಸಿಗೆ ಉಳಿಯುವುದು ಅಲ್ಪ. ಕ್ಯಾನನ್ ಆರ್8 ಅಗ್ಗವಾಗಿದ್ದು ಪೂರ್ತಿ ಅಗಲದ 4ಕೆ 60 ಕೊಡುತ್ತದೆಯಾದರೂ ಅದಕ್ಕೆ ಒಂದೇ ಕಾರ್ಡ್, ಚಿಕ್ಕ ಬ್ಯಾಟರಿ, ಬಾಡಿಯಲ್ಲಿ ಕಂಪನ ತಡೆಯೂ ಇಲ್ಲ. ಇನ್ನೊಬ್ಬರ ಮದುವೆಯನ್ನು ಒಂದೇ ಕಾರ್ಡಿನ ಮೇಲೆ ನಂಬಿ ತೆಗೆಯಬಾರದು.

ಹೇಮಾವತಿ ದಂಡೆ:

ಇಬ್ಬರಿಗೂ ಬಹಳ ಧನ್ಯವಾದಗಳು. ನಿನ್ನೆ ರಾತ್ರಿ 25 ಫ್ರೇಮ್, 1/50 ಇಟ್ಟು ನೋಡಿದೆ, ಪಟ್ಟಿಗಳು ಮಾಯವಾದವು. ಮತ್ತೆ 1/60 ಮಾಡಿದ ಕೂಡಲೇ ಬಂದವು. ಒಂದು ವರ್ಷ ಕ್ಯಾಮೆರಾವನ್ನು ಬೈದುಕೊಂಡಿದ್ದಕ್ಕೆ ನಾಚಿಕೆಯಾಯಿತು. ಈಗ ಉಳಿದಿರುವ ಸಂದೇಹವೆಂದರೆ 4ಕೆ 60 ಕುರಿತದ್ದು. ಎಡಿಟಿಂಗ್ ಮಾಡುವವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ. ಬೇಸಿಗೆಯ ಚಪ್ಪರದ ಕೆಳಗೆ ಕ್ಯಾಮೆರಾ ಬಿಸಿಯಾಗಿ ನಿಂತುಹೋಗುತ್ತದೆ ಎಂಬ ಮಾತನ್ನೂ ಕೇಳಿದ್ದೇನೆ.

ಎಡಿಟಿಂಗ್ ಮೇಜು (ಹಾಸನ):

ನಮಸ್ಕಾರ. ಮದುವೆ ವಿಡಿಯೊಗಳನ್ನು ಕತ್ತರಿಸಿ ಜೋಡಿಸುವುದೇ ನನ್ನ ದಿನದ ಕೆಲಸ. ನನಗೆ ಬರುವ ಫೈಲುಗಳಲ್ಲಿ 60 ಅಥವಾ 50 ಫ್ರೇಮಿನಲ್ಲಿ ತೆಗೆದ ಗಂಟೆಗಟ್ಟಲೆ ವಿಡಿಯೊ ಇರುತ್ತದೆ. ಅದರಲ್ಲಿ ನಿಧಾನಗತಿಗೆ ನಾನು ಬಳಸುವುದು ವಧು ಮಂಟಪಕ್ಕೆ ಬರುವ ಕ್ಷಣ, ಅಂತರಪಟ ಸರಿಯುವ ಕ್ಷಣ, ಅಕ್ಷತೆ ಮೇಲಿನಿಂದ ಬೀಳುವ ಕ್ಷಣ ಮಾತ್ರ, ಒಟ್ಟು ಎರಡು ನಿಮಿಷವೂ ಆಗುವುದಿಲ್ಲ. ಉಳಿದದ್ದನ್ನೆಲ್ಲ 25 ಫ್ರೇಮಿನಲ್ಲಿ ತೆಗೆದರೆ ನನಗೂ ನಿಮ್ಮ ಹಾರ್ಡ್ ಡಿಸ್ಕಿಗೂ ಉಪಕಾರವಾಗುತ್ತದೆ. ಆ ಮೂರು ಕ್ಷಣಗಳಿಗೆ 50 ಫ್ರೇಮ್, 1/100 ಇಟ್ಟುಕೊಳ್ಳಿ. ಅವು ಹೇಗೂ ಹತ್ತಿರದ ದೃಶ್ಯಗಳಾದ್ದರಿಂದ ಕತ್ತರಿಯಾದದ್ದು ಗೊತ್ತೂ ಆಗುವುದಿಲ್ಲ. ಅಂಗಡಿಯವರ ಮಂತ್ರಕ್ಕೆ ಹೆಚ್ಚು ಹಣ ಕೊಡಬೇಡಿ.

ಅದಕ್ಕಿಂತ ಮುಖ್ಯವಾದ, ಯಾರೂ ಮೊದಲು ಕೇಳದ ಪ್ರಶ್ನೆ ನಿಮ್ಮ ಕಂಪ್ಯೂಟರಿನದು. ಸೆಕೆಂಡಿಗೆ 100 ಮೆಗಾಬಿಟ್ ವೇಗದಲ್ಲಿ ತೆಗೆದ ವಿಡಿಯೊ ಒಂದು ಗಂಟೆಗೆ 45 ಜಿಬಿ ಆಗುತ್ತದೆ, 200 ಆದರೆ 90 ಜಿಬಿ. ಆರು ಗಂಟೆಯ ಮದುವೆಯನ್ನು 200ರಲ್ಲಿ ತೆಗೆದು ಎರಡು ಪ್ರತಿ ಇಟ್ಟರೆ ಒಂದು ಟಿಬಿ ದಾಟಿತು. ಜೊತೆಗೆ ಎಚ್.265 ಎಂಬ ಬಿಗಿಯಾಗಿ ಕುಗ್ಗಿಸಿದ ವಿಧದ, ಬಣ್ಣದ ವಿವರ ಹೆಚ್ಚಿರುವ 10-ಬಿಟ್ 4:2:2 ಫೈಲುಗಳನ್ನು ಹಳೆಯ ಕಂಪ್ಯೂಟರುಗಳು ಬಿಡಿಸಲಾರದೆ ತಡವರಿಸುತ್ತವೆ. ಗ್ರಾಫಿಕ್ಸ್ ಸಹಿತವಾದ ಹನ್ನೊಂದನೆಯ ಪೀಳಿಗೆಯ ಅಥವಾ ಅದರ ನಂತರದ ಇಂಟೆಲ್ ಪ್ರೊಸೆಸರ್, ಇಲ್ಲವೇ ಆಪಲ್‌ನ ಎಂ ಸರಣಿಯ ಚಿಪ್ ಇದ್ದರೆ ಸಲೀಸು. ದೊಡ್ಡ ಗ್ರಾಫಿಕ್ಸ್ ಕಾರ್ಡ್ ಇದೆಯಲ್ಲ ಎಂದು ಧೈರ್ಯಪಡಬೇಡಿ. ಎನ್‌ವಿಡಿಯಾದ 50 ಸರಣಿಗಿಂತ ಹಿಂದಿನವು 4:2:2 ಎಚ್.265 ಅನ್ನು ತಾವೇ ಬಿಡಿಸುವುದಿಲ್ಲ. ಮೂರು ಲಕ್ಷವನ್ನೂ ಕ್ಯಾಮೆರಾಕ್ಕೆ ಸುರಿದು, ಫೈಲು ತೆರೆಯಲಾಗದೆ ನನ್ನ ಬಾಗಿಲಿಗೆ ಬಂದವರು ಇಬ್ಬರಿದ್ದಾರೆ.

ಕಾರ್ಡಿನಲ್ಲಿ ಮಾತ್ರ ಹಣ ಉಳಿಸಬಹುದು. 200 ಮೆಗಾಬಿಟ್ ಎಂದರೆ ಸೆಕೆಂಡಿಗೆ 25 ಮೆಗಾಬೈಟ್. ಕನಿಷ್ಠ 30 ಮೆಗಾಬೈಟ್ ಭರವಸೆ ಕೊಡುವ ವಿ30 ಕಾರ್ಡೇ ಅದಕ್ಕೆ ಸಾಕು, ವಿ60 ಇದ್ದರೆ ನೆಮ್ಮದಿ. ವಿ90 ಕಾರ್ಡಿಗೆ ಕೊಡುವ ಹಣದಲ್ಲಿ ಒಂದು ಒಳ್ಳೆಯ ಲೇಪಲ್ ಮೈಕ್ ಕೊಂಡು ಪುರೋಹಿತರ ಶಲ್ಯಕ್ಕೆ ಸಿಕ್ಕಿಸಿ. ವಿಡಿಯೊ ಎಂದರೆ ಚಿತ್ರ ಮಾತ್ರ ಎಂದುಕೊಂಡವರ ಮದುವೆ ಕ್ಯಾಸೆಟ್ಟುಗಳಲ್ಲಿ ಓಲಗದ ಹೊರತು ಬೇರೇನೂ ಕೇಳಿಸುವುದಿಲ್ಲ.

ರೀಲ್ ವಿಷಯ: ಅಡ್ಡ 4ಕೆ ಚಿತ್ರದಿಂದ ಉದ್ದನೆಯ ತುಂಡು ತೆಗೆದರೆ 1215 ಗುಣಿಸು 2160 ಪಿಕ್ಸೆಲ್ ಸಿಗುತ್ತದೆ. ಮೊಬೈಲಿಗೆ ಬೇಕಾದದ್ದು 1080 ಗುಣಿಸು 1920, ಆದ್ದರಿಂದ ಸಾಲುತ್ತದೆ. ಆದರೆ ವಧೂವರರ ನಡುವೆ ಒಂದು ಮೊಳ ಜಾಗವಿದ್ದರೂ ಇಬ್ಬರಲ್ಲಿ ಒಬ್ಬರನ್ನು ಬಿಡಬೇಕಾಗುತ್ತದೆ.

ಸಿಲ್ವರ್ ನೆರಳು (ಮೂಡಿಗೆರೆ):

ರೀಲ್ ಮಾತು ಬಂದುದರಿಂದ ಬರೆಯುತ್ತಿದ್ದೇನೆ. ನಾನು ಕಾಫಿ ಬೆಳೆಗಾರ, ಮದುವೆಯ ಕೆಲಸ ಮಾಡುವುದಿಲ್ಲ. ತೋಟದ ಮತ್ತು ಕಾಡಿನ ವಿಡಿಯೊ ಮಾಡುವ ಹವ್ಯಾಸವಿದೆ. 2023ರಲ್ಲಿ ಬಂದ ಪ್ಯಾನಾಸಾನಿಕ್ ಎಸ್5 2 ನನ್ನ ಬಳಿ ಇದೆ. ಇದು ಸೆನ್ಸರಿನ ಪೂರ್ತಿ ಎತ್ತರವನ್ನೂ ಸೇರಿಸಿ 5952 ಗುಣಿಸು 3968 ಪಿಕ್ಸೆಲಿನ ವಿಡಿಯೊ ತೆಗೆಯುವುದರಿಂದ ಅದೇ ದೃಶ್ಯದಿಂದ ಅಡ್ಡ ಚಿತ್ರವನ್ನೂ ಉದ್ದದ ರೀಲನ್ನೂ ಧಾರಾಳವಾಗಿ ಕತ್ತರಿಸಿಕೊಳ್ಳಬಹುದು. ವ್ಯೂಫೈಂಡರಿನ ಕೆಳಗೆ ಸಣ್ಣ ಫ್ಯಾನ್ ಇದೆ, ಚಪ್ಪರದ ಸೆಕೆಯಲ್ಲೂ ಇದು ಕೆಲಸ ನಿಲ್ಲಿಸುವುದಿಲ್ಲ. ಫ್ಯಾನಿಲ್ಲದ ಕ್ಯಾಮೆರಾಗಳು ನೇರ ಬಿಸಿಲಿನಲ್ಲಿ ನಿರಂತರವಾಗಿ ಓಡಿದಾಗ ತೊಂದರೆ ಕೊಡುತ್ತವೆ. ಮದುವೆಯಲ್ಲಿ ತುಂಡು ತುಂಡಾಗಿ ತೆಗೆಯುವವರಿಗೆ ಆ ಭಯ ಅಷ್ಟಿಲ್ಲ. ಆದರೆ ನಿಮ್ಮ ನಿಕಾನ್ ಲೆನ್ಸ್‌ಗಳನ್ನು ಬಿಟ್ಟು ಇಲ್ಲಿಗೆ ಬನ್ನಿ ಎಂದು ನಾನು ಹೇಳಲಾರೆ.

10-ಬಿಟ್ ಏಕೆ ಬೇಕೆಂಬುದಕ್ಕೆ ನಮ್ಮ ಜಿಲ್ಲೆಯೇ ಸಾಕ್ಷಿ. 8-ಬಿಟ್ಟಿನಲ್ಲಿ ಪ್ರತಿ ಬಣ್ಣಕ್ಕೆ 256 ಮೆಟ್ಟಿಲು, 10-ಬಿಟ್ಟಿನಲ್ಲಿ 1024. ಮುಳ್ಳಯ್ಯನಗಿರಿಯ ಮೇಲೆ ಬೆಳಗಿನ ಮಂಜು ಬಿಳಿಯಿಂದ ಬೂದಿಗೆ, ಬೂದಿಯಿಂದ ನೀಲಿಗೆ ಇಳಿಯುವುದನ್ನು 8-ಬಿಟ್ಟಿನಲ್ಲಿ ತೆಗೆದು ಬಣ್ಣ ತಿದ್ದಲು ಹೊರಟರೆ ಮಂಜು ಪದರಪದರವಾಗಿ ಒಡೆದು, ನಕ್ಷೆಯ ಮೇಲಿನ ಗೆರೆಗಳಂತೆ ಕಾಣುತ್ತದೆ. ಕಾಫಿ ಹೂ ಅರಳಿಸುವ ಹೂಮಳೆಯಾದ ಮೇಲೆ ತೋಟವೆಲ್ಲ ಬೆಳ್ಳಗಾಗುವ ಮೂರು ನಾಲ್ಕು ದಿನವೂ ಹೀಗೆಯೇ: ಸಿಲ್ವರ್ ಓಕ್ ಮರದ ನೆರಳಿನಲ್ಲಿ ಕಡುಹಸಿರು ಎಲೆ, ಅದರ ಮೇಲೆ ಬಿಸಿಲು ಬಿದ್ದ ಬಿಳಿ ಹೂ. ಹೂವಿನ ಬಿಳುಪು ಒಮ್ಮೆ ಸುಟ್ಟುಹೋದರೆ ಯಾವ ಬಿಟ್ಟೂ ಅದನ್ನು ಮರಳಿ ಕೊಡುವುದಿಲ್ಲ. ಅಲ್ಲಿ ಎಕ್ಸ್‌ಪೋಷರ್ ಇಳಿಸಿ ಹೂವನ್ನು ಕಾಪಾಡಿಕೊಂಡು ನೆರಳನ್ನು ಆಮೇಲೆ ಎತ್ತಬೇಕು.

ನಾನು ಮುಖ್ಯವಾಗಿ ಹೇಳಬೇಕೆಂದದ್ದು ಬೂಷ್ಟಿನ ಬಗ್ಗೆ. ಯಾವ ಕಂಪನಿಯ ಲೆನ್ಸ್ ಕೊಂಡರೂ ನಮ್ಮ ಕಡೆಯ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಶೀತ ಅದನ್ನು ಬಿಡುವುದಿಲ್ಲ. ಒಂದು ಮಳೆಗಾಲ ನನ್ನ ಒಳ್ಳೆಯ ಲೆನ್ಸನ್ನು ಚರ್ಮದ ಚೀಲದಲ್ಲಿಟ್ಟು ಮರೆತೆ. ದೀಪಾವಳಿಗೆ ತೆಗೆದಾಗ ಗಾಜಿನ ಒಳಗೆ ಜೇಡರ ಬಲೆಯಂತೆ ಬಿಳಿ ಎಳೆಗಳು ಹರಡಿದ್ದವು. ಬಿಚ್ಚಿ ತೊಳೆಸಿದೆ, ಆದರೆ ಗಾಜಿನ ಲೇಪನದ ಮೇಲೆ ಗುರುತು ಉಳಿಯಿತು. ತೇವಾಂಶವನ್ನು ಶೇಕಡಾ 40ರಿಂದ 50ರ ನಡುವೆ ಇಡುವ ವಿದ್ಯುತ್ ಡ್ರೈ ಕ್ಯಾಬಿನೆಟ್ ಉತ್ತಮ. ಕರೆಂಟು ಎರಡು ದಿನ ಹೋಗುವ ನಮ್ಮಂಥವರಿಗೆ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ, ಬಣ್ಣ ಬದಲಾಯಿಸುವ ಸಿಲಿಕಾ ಜೆಲ್ ಮತ್ತು ಒಂದು ಚಿಕ್ಕ ತೇವಾಂಶ ಮಾಪಕವೂ ಸಾಕು. ಜೆಲ್ಲಿನ ಬಣ್ಣ ಬದಲಾದ ಕೂಡಲೇ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿಮಾಡಿ ಒಣಗಿಸಿದರೆ ಮತ್ತೆ ಬಳಸಬಹುದು. ಡಬ್ಬಕ್ಕೆ ಅಕ್ಕಿ ಹಾಕುವ ಉಪಾಯ ಬೇಡ, ಅದರ ಧೂಳು ಲೆನ್ಸಿನೊಳಗೆ ಹೋಗುತ್ತದೆ. ಮಳೆಯಲ್ಲಿ ತೆಗೆಯುವುದಾದರೆ ಇನ್ನೊಂದು ಮಾತು: ಕ್ಯಾಮೆರಾದ ಬಾಡಿಯಲ್ಲಿ ನೀರು ತಡೆಯುವ ರಬ್ಬರ್ ಇದ್ದರೂ ನಿಮ್ಮ ಡಿ ಲೆನ್ಸ್‌ಗಳ ಬುಡದಲ್ಲಿ ಅದಿಲ್ಲ. ಅಲ್ಲಿಂದಲೇ ನೀರು ಇಳಿಯುತ್ತದೆ.

ಕಲ್ಲತ್ತಿಗಿರಿ ಹಾದಿ:

ಡಿ ಲೆನ್ಸ್‌ಗಳನ್ನು ಗುಡಿಯ ಕೆಲಸಕ್ಕೆ ಉಳಿಸಿಕೊಳ್ಳುವ ಆಲೋಚನೆ ನನಗೆ ಹೊಳೆದಿರಲಿಲ್ಲ, ಅದು ಸರಿಯಾಗಿದೆ. ಮೆಗಾಪಿಕ್ಸೆಲ್ ವಿಷಯದಲ್ಲಿಯೂ ನಾನು ತುಸು ಹೆಚ್ಚು ಒತ್ತು ಕೊಟ್ಟೆನೇನೋ. ತೆರೆದಿಟ್ಟಾಗ 12 ಗುಣಿಸು 36 ಇಂಚಾಗುವ ಕರಿಷ್ಮಾ ಆಲ್ಬಮ್ಮಿನ ಒಂದು ಪುಟ 18 ಇಂಚು ಅಗಲ. 6000 ಪಿಕ್ಸೆಲ್ ಅಗಲದ 24 ಮೆಗಾಪಿಕ್ಸೆಲ್ ಚಿತ್ರ ಅಲ್ಲಿ ಇಂಚಿಗೆ 333 ಚುಕ್ಕೆ ಕೊಡುತ್ತದೆ, ಮುದ್ರಣಕ್ಕೆ ಅಷ್ಟು ಸಾಕು. ಆದರೆ ವಿಡಿಯೊಗೆ 24-120 ಜಿ ಒಂದನ್ನೇ ನೆಚ್ಚಿಕೊಳ್ಳಬೇಡಿ. ಡಿಎಸ್ಎಲ್ಆರ್, ಅಂದರೆ ಕನ್ನಡಿಯಿರುವ ಕ್ಯಾಮೆರಾಗಳ ಕಾಲದ ಮೋಟಾರಿನ ಸದ್ದು ಕ್ಯಾಮೆರಾದ ಮೈಕಿಗೆ ಕೇಳಿಸುತ್ತದೆ, ಎಫ್/4ರಲ್ಲಿ ಒಳಬರುವ ಬೆಳಕು ರಾತ್ರಿಯ ಆರತಕ್ಷತೆಗೆ ಸಾಲದು. ಯಾವ ಬಾಡಿ ಕೊಂಡರೂ ಅದೇ ಮೌಂಟಿನ, ಹೆಚ್ಚು ಬೆಳಕು ಬಿಡುವ ಎಫ್/2.8 ಜೂಮ್ ಒಂದಿರಲಿ.

ಹೇಮಾವತಿ ದಂಡೆ:

ಎಲ್ಲರ ಮಾತನ್ನೂ ಎರಡೆರಡು ಬಾರಿ ಓದಿದೆ. ನನ್ನ ಕಂಪ್ಯೂಟರು ಎಂಟನೆಯ ಪೀಳಿಗೆಯ ಇಂಟೆಲ್, ಅಂದರೆ ಅದರ ಖರ್ಚೂ ಈ ಮೂರು ಲಕ್ಷದೊಳಗೇ ಬರಬೇಕು. ಹಾಗಾಗಿ ಝಡ್6 3, ಆರ್6 2 ಎರಡೂ ನನ್ನ ಪಟ್ಟಿಯಿಂದ ಹೋದವು. ಝಡ್5 2, ಎಫ್‌ಟಿಝಡ್ ಅಡಾಪ್ಟರ್ ಮತ್ತು ಝಡ್ ಮೌಂಟಿನ 28-75 ಎಫ್/2.8 ಕಡೆಗೆ ಮನಸ್ಸು ಬಂದಿದೆ. ಡಿ750ನ್ನು ಮಾರುವುದಿಲ್ಲ, ಎರಡನೆಯ ಬಾಡಿಯಾಗಿ ಸ್ಥಿರಚಿತ್ರಕ್ಕೆ ಇರುತ್ತದೆ. ಕೊಳ್ಳುವ ಮೊದಲು ಬೆಂಗಳೂರಿನಿಂದ ಮೂರು ದಿನಕ್ಕೆ ಬಾಡಿಗೆಗೆ ತರಿಸಿ, ಶನಿವಾರ ಮೊಸಳೆಯ ಗುಡಿಯಲ್ಲಿ 50 ಡಿ ಲೆನ್ಸ್ ಹಾಕಿಯೂ, ಭಾನುವಾರ ನಮ್ಮ ಸಂಬಂಧಿಕರ ಮದುವೆಯಲ್ಲಿ ವಿಡಿಯೊಗೂ ಬಳಸಿ ನೋಡುತ್ತೇನೆ. ಸಂಬಂಧಿಕರಾದ್ದರಿಂದ ಕಪ್ಪು ಪಟ್ಟಿ ಬಂದರೂ ಊಟ ಹಾಕುತ್ತಾರೆ.

ಎಡಿಟಿಂಗ್ ಮೇಜು:

ಒಳ್ಳೆಯದು. ಭಾನುವಾರ ತೆಗೆದದ್ದರಲ್ಲಿ ಐದು ನಿಮಿಷದ ಮೂಲ ಫೈಲನ್ನು, ವಾಟ್ಸಾಪಿನಲ್ಲಿ ಕಳಿಸದೆ, ಪೆನ್‌ಡ್ರೈವಿನಲ್ಲಿ ತಂದುಕೊಡಿ. ಎಲ್‌ಇಡಿ ಗೋಡೆಯ ಮುಂದಿನ ದೃಶ್ಯವೊಂದು, ದೀಪ ಕಡಿಮೆಯಿರುವ ಕಡೆಯದೊಂದು ಅದರಲ್ಲಿರಲಿ. ನನ್ನ ಕಂಪ್ಯೂಟರಿನಲ್ಲಿಯೂ ನಿಮ್ಮದರಲ್ಲಿಯೂ ತೆರೆದು ನೋಡಿದ ಮೇಲೆ ಅಂಗಡಿಗೆ ಮುಂಗಡ ಕೊಡಿ.